ಆರು ಫ್ಯಾನಿನ ಪ್ಯಾಡ್ ತರುವ ಮೊದಲು ಎರಡು ಬಾಟಲಿ ಮುಚ್ಚಳ ಇಟ್ಟು ನೋಡಿ

ಓದುಗರ ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನ ಹಳ್ಳಿಯವರು. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಕಾಲೇಜಿನಲ್ಲಿದ್ದಾಗ ಕೊಡಿಸಿದ ಲ್ಯಾಪ್‌ಟಾಪ್, ನಾಲ್ಕು ವರ್ಷ ಆಗಿದೆ. ಮಹಡಿಯ ಶೀಟ್ ಕೋಣೆಯಲ್ಲಿ ಮಂಚದ ಮೇಲೆ ದಿಂಬು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಾಳೆ. ಈ ಬೇಸಿಗೆಯಲ್ಲಿ ಅದರ ಫ್ಯಾನ್ ಮಿಕ್ಸಿ ತರಹ ಸದ್ದು ಮಾಡುತ್ತಿದೆ. ಕಳೆದ ವಾರ ಮೀಟಿಂಗ್ ನಡುವೆ ಎರಡು ಸಲ ತಾನಾಗೇ ಆಫ್ ಆಯಿತು. ಅಂಗಡಿಯವರು ಬ್ಯಾಟರಿ ಬದಲಿಸಿ ಅಂದರು. ಅವಳ ಗೆಳತಿ ಲ್ಯಾಪ್‌ಟಾಪ್ ಕೆಳಗೆ ಇಟ್ಟು ಗಾಳಿ ಊದಿಸುವ, ಆರು ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ತಗೋ ಅಂತಾಳೆ. ನನ್ನ ತಮ್ಮ ಅಲ್ಯೂಮಿನಿಯಂ ಸ್ಟ್ಯಾಂಡ್ ಸಾಕು, ಅದೇ ಬಿಸಿ ಎಳೆದುಕೊಳ್ಳುತ್ತೆ ಅಂತಾನೆ. ಪಕ್ಕದ ಮನೆಯವರು ಒದ್ದೆ ಬಟ್ಟೆ ಹಾಸಿ ಅಂದರು. ರಾತ್ರಿ ಚಾರ್ಜಿಗೆ ಹಾಕಿದರೆ ಸಿಡಿಯುತ್ತೇನೋ ಅಂತ ನನ್ನ ಹೆಂಡತಿಗೆ ಭಯ. ಹೊಸದು ಕೊಡಿಸುವ ಶಕ್ತಿ ಈಗಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿಬಿಡಿ. ಲ್ಯಾಪ್‌ಟಾಪ್ ಬಿಸಿಯಾಗಿ ತಾನಾಗೇ ಆಫ್ ಆಗುವುದು ಸಿಡಿಯುವ ಮುನ್ಸೂಚನೆ ಅಲ್ಲ. ಅದು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯ. ಬ್ಯಾಟರಿ ಬಗ್ಗೆ ಎಚ್ಚರ ಬೇಕಾದ ಗುರುತು ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ನಿಮಗೆ ಸಲಹೆ ಕೊಟ್ಟ ನಾಲ್ಕೂ ಜನ ಒಳ್ಳೆಯದನ್ನೇ ಬಯಸಿದ್ದಾರೆ. ಆದರೆ ಬಿಸಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಯಾರೂ ನೋಡಿಲ್ಲ. ಅದು ಗೊತ್ತಾಗದೆ ಏನು ತಂದರೂ ದುಡ್ಡು ದಂಡ.

ಮೈಸೂರಿನಲ್ಲಿ ಹದಿನೆಂಟು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಟೇಬಲ್ ಮೇಲೆ ಬರುವುದರಲ್ಲಿ ಇದೇ ದೂರು ಜಾಸ್ತಿ. ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದಿಂದ ಬಸ್ಸಿನಲ್ಲಿ ಹೊತ್ತು ತರುತ್ತಾರೆ. ಹಲವರು ಅಷ್ಟರಲ್ಲಾಗಲೇ ಒಂದು ಕೂಲಿಂಗ್ ಪ್ಯಾಡ್ ಕೊಂಡು, ಪ್ರಯೋಜನ ಆಗಲಿಲ್ಲ ಅಂತ ಅದನ್ನೂ ಚೀಲದಲ್ಲಿ ತಂದಿರುತ್ತಾರೆ. ನೀವು ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಒಳಗೆ ಏನು ನಡೆಯುತ್ತೆ ಅಂತ ಹೇಳುತ್ತೇನೆ. ನಿಮ್ಮ ಕಡೆ ಆಲೆಮನೆ ನೋಡಿಯೇ ಇರುತ್ತೀರಿ. ಕೊಪ್ಪರಿಗೆ ಕೆಳಗೆ ಬೆಂಕಿ ಚೆನ್ನಾಗಿ ಉರಿಯಬೇಕಾದರೆ ಗಾಳಿ ಒಳಗೆ ಬರಬೇಕು, ಹೊಗೆ ಚಿಮಣಿಯಲ್ಲಿ ಹೊರಗೆ ಹೋಗಬೇಕು. ಚಿಮಣಿ ಕಟ್ಟಿಕೊಂಡರೆ ಹೊರಗೆ ನಿಂತು ಎಷ್ಟು ಬೀಸಿದರೂ ಹೊಗೆ ಒಳಗೇ ಸುತ್ತುತ್ತೆ. ಲ್ಯಾಪ್‌ಟಾಪ್‌ನಲ್ಲೂ ಹಾಗೇ. ಬಿಸಿ ಹೆಚ್ಚಾಗಿ ಹುಟ್ಟುವುದು ಲೆಕ್ಕವೆಲ್ಲ ಮಾಡುವ, ಉಗುರಿನಷ್ಟಗಲದ ಪ್ರೊಸೆಸರ್ ಚಿಪ್‌ನಲ್ಲಿ. ಅದರ ಮೇಲೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಬಳಿದಿರುತ್ತಾರೆ. ಪೇಸ್ಟ್ ಮೇಲೆ ತಾಮ್ರದ ತಟ್ಟೆ. ಆ ತಟ್ಟೆಯಿಂದ ಚಪ್ಪಟೆ ತಾಮ್ರದ ಕೊಳವೆ ಹೊರಡುತ್ತೆ. ಕೊಳವೆಯೊಳಗೆ ಚೂರು ದ್ರವ ಇರುತ್ತೆ. ಬಿಸಿ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ನೀರಾಗಿ, ಬಿಸಿಯನ್ನು ಸಾಗಿಸುತ್ತಲೇ ಇರುತ್ತೆ. ಕೊನೆಯಲ್ಲಿ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಜೋಡಿಸಿದ ಲೋಹದ ಎಲೆಗಳು. ಫ್ಯಾನ್ ತಳದಿಂದ ಗಾಳಿ ಎಳೆದು ಈ ಎಲೆಗಳ ಸಂದಿಯಿಂದ ಊದುತ್ತೆ. ಬಿಸಿ ಪಕ್ಕದಿಂದ, ಇಲ್ಲವೇ ಸ್ಕ್ರೀನಿನ ಬುಡದಿಂದ ಹೊರಗೆ ಹೋಗುತ್ತೆ.

ಈ ದಾರಿಯಲ್ಲಿ ಮೂರು ಕಡೆ ಬಿಸಿ ನಿಲ್ಲಬಹುದು. ತಳದ ಗಾಳಿಕಿಂಡಿ ಮುಚ್ಚಿರಬಹುದು. ಲೋಹದ ಎಲೆಗಳ ಸಂದಿ ಕಟ್ಟಿರಬಹುದು. ಪೇಸ್ಟ್ ಒಣಗಿರಬಹುದು. ಸ್ಟ್ಯಾಂಡ್ ಆಗಲಿ, ಕೂಲಿಂಗ್ ಪ್ಯಾಡ್ ಆಗಲಿ ಸಹಾಯ ಮಾಡುವುದು ಮೊದಲನೆಯದಕ್ಕೆ ಮಾತ್ರ.

ನಿಮ್ಮ ಮಗಳ ವಿಷಯದಲ್ಲಿ ಮೊದಲನೆಯದು ಖಂಡಿತ ಇದೆ. ದಿಂಬು ಮೆತ್ತಗೆ ಮೇಲೆದ್ದು ತಳದ ಕಿಂಡಿಗಳನ್ನು ಪೂರ್ತಿ ಮುಚ್ಚುತ್ತೆ. ಲ್ಯಾಪ್‌ಟಾಪ್ ಕೆಳಗಿನ ನಾಲ್ಕು ರಬ್ಬರ್ ಕಾಲು ಇರುವುದೇ ಗಾಳಿಗೆ ಚೂರು ಜಾಗ ಬಿಡಲಿ ಅಂತ. ಅವು ದಿಂಬಿನಲ್ಲಿ ಹೂತುಹೋದರೆ ಫ್ಯಾನ್ ಎಳೆಯುವುದೇನನ್ನು? ಅಲ್ಲೇ ಸುತ್ತುವ ಬಿಸಿ ಗಾಳಿಯನ್ನು, ಜೊತೆಗೆ ದಿಂಬಿನ ಹತ್ತಿಯ ಎಳೆಯನ್ನು. ಇದಕ್ಕೆ ಮನೆಯಲ್ಲೇ ಮದ್ದಿದೆ. ಊಟಕ್ಕೆ ಕೂರುವ ಮರದ ಮಣೆ ಇದ್ದರೆ ಇವತ್ತೇ ಅದನ್ನು ಮಂಚದ ಮೇಲಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಡಲಿ. ಮೇಜು, ಕುರ್ಚಿ ಸಿಕ್ಕರೆ ಇನ್ನೂ ಒಳ್ಳೆಯದು. ಬರಿ ತೊಡೆ ಮೇಲೆ ಗಂಟೆಗಟ್ಟಲೆ ಇಟ್ಟುಕೊಳ್ಳುವುದೂ ಬೇಡ. ಕಿಂಡಿ ಮುಚ್ಚುವುದು ಒಂದು ಕಡೆ, ದಿನಾ ಅದೇ ಜಾಗಕ್ಕೆ ಬಿಸಿ ತಾಗಿ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಏಳುವುದೂ ಉಂಟು.

ಎರಡನೆಯದು ಧೂಳು. ನಾಲ್ಕು ವರ್ಷ ಒಮ್ಮೆಯೂ ಬಿಚ್ಚದ ಲ್ಯಾಪ್‌ಟಾಪ್‌ನ ತಳದ ಮುಚ್ಚಳ ತೆಗೆದರೆ, ಮೇಲ್ನೋಟಕ್ಕೆ ಎಲ್ಲಾ ಸ್ವಚ್ಛವಾಗಿಯೇ ಕಾಣುತ್ತೆ. ಫ್ಯಾನನ್ನು ಎತ್ತಿದಾಗ ಗೊತ್ತಾಗುವುದು. ಫ್ಯಾನಿಗೂ ಲೋಹದ ಎಲೆಗಳಿಗೂ ನಡುವೆ ಕಂಬಳಿ ತುಂಡಿನಂಥ ಬೂದು ಪಟ್ಟಿ ಕೂತಿರುತ್ತೆ. ಚಿಮಟದಲ್ಲಿ ಹಿಡಿದರೆ ಒಂದೇ ತುಂಡಾಗಿ, ಎಲೆಗಳ ಅಚ್ಚು ಮೂಡಿಸಿಕೊಂಡು ಹೊರಗೆ ಬರುತ್ತೆ. ಬೆರಳಷ್ಟು ಉದ್ದ, ಕೆಲವು ಸಲ ಎರಡು ಮಿಲಿಮೀಟರ್ ದಪ್ಪ. ಮನೆ ಯಾವ ತರಹದ್ದು ಅಂತಲೂ ಅದು ಹೇಳಿಬಿಡುತ್ತೆ. ದೇವರ ಕೋಣೆ ಹತ್ತಿರ ಇಟ್ಟಿದ್ದರೆ ಊದುಬತ್ತಿ ಹೊಗೆಯ ಜಿಡ್ಡು. ಅಡುಗೆಮನೆ ಪಕ್ಕದಲ್ಲಿದ್ದರೆ ಒಗ್ಗರಣೆಯ ಎಣ್ಣೆ ಅಂಟು. ನಿಮ್ಮ ಕಡೆಯಿಂದ ಬರುವ ಕೆಲವದರಲ್ಲಿ ಕಬ್ಬಿನ ತರಗು ಸುಟ್ಟ ಕಪ್ಪು ಬೂದಿ ಬೆರೆತಿರುತ್ತೆ. ಜಿಡ್ಡು ಸೇರಿದ ಧೂಳು ಊದಿದರೆ ಹೋಗುವುದಿಲ್ಲ, ಬಿಚ್ಚಿ ಬ್ರಷ್ ಹಾಕಿಯೇ ತೆಗೆಯಬೇಕು.

ಮೂರನೆಯದು ಪೇಸ್ಟ್. ದಿನಾ ಕಾದು ತಣ್ಣಗಾಗಿ, ಮೂರು ನಾಲ್ಕು ವರ್ಷದಲ್ಲಿ ಒಣಗಿ ಬಿರುಕು ಬಿಡುತ್ತೆ, ಇಲ್ಲವೇ ಚಿಪ್‌ನ ಅಂಚಿಗೆ ಸರಿದು ನಡುವೆ ಖಾಲಿಯಾಗುತ್ತೆ. ಆಗ ಚಿಪ್‌ನ ಬಿಸಿ ತಾಮ್ರಕ್ಕೆ ಸರಿಯಾಗಿ ದಾಟುವುದಿಲ್ಲ.

ಇವುಗಳಲ್ಲಿ ಯಾವುದು ಅಂತ ಬಿಚ್ಚದೆ ತಿಳಿಯುವ ಒಂದು ಪರೀಕ್ಷೆ ಇದೆ. ಮಗಳು ಮೀಟಿಂಗ್‌ನಲ್ಲಿರುವಾಗ, ಫ್ಯಾನ್ ಜೋರಾಗಿ ತಿರುಗುತ್ತಿರುವಾಗ, ಬಿಸಿ ಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ. ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿ ಹಿಡಿದರೂ ಆಯಿತು. ಗಾಳಿ ರಭಸವಾಗಿ, ಸುಡುವಷ್ಟು ಬಿಸಿಯಾಗಿ ಬಂದರೆ ಒಳಗಿನ ದಾರಿ ಚೆನ್ನಾಗಿದೆ, ಹೊರಗಿನ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಫ್ಯಾನ್ ಅಷ್ಟು ಕಿರುಚುತ್ತಿದ್ದರೂ ಕಾಗದ ಅಲ್ಲಾಡದಿದ್ದರೆ ಎಲೆಗಳ ಸಂದಿ ಕಟ್ಟಿದೆ. ಗಾಳಿ ರಭಸವಾಗಿದೆ, ಆದರೆ ಬೆಚ್ಚಗೆ ಮಾತ್ರ ಇದೆ, ಲ್ಯಾಪ್‌ಟಾಪ್ ಮಾತ್ರ ನಿಧಾನವಾಗುತ್ತಿದೆ ಅಂದರೆ ಪೇಸ್ಟ್ ಮೇಲೆ ಅನುಮಾನ ಪಡಬೇಕು. ಹೊಸಬರು ಕೆಲಸ ಕಲಿಯಲು ಬಂದಾಗ ನಾನು ಮೊದಲು ಕಲಿಸುವುದು ಈ ಅಂಗೈ ಪರೀಕ್ಷೆಯನ್ನೇ.

ಇನ್ನು ಅಂಕಿ. ಪ್ರೊಸೆಸರ್ ಎಷ್ಟು ಬಿಸಿ ಇದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್ ಇದೆ, ಸ್ವಂತ ಬಳಕೆಗೆ ಉಚಿತ. ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 95ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದುಕೊಳ್ಳುತ್ತವೆ. ಆ ಗಡಿ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸುತ್ತವೆ. ಆಗಲೂ ತಣಿಯದಿದ್ದರೆ ಆಫ್ ಆಗುತ್ತವೆ. ಭಾರಿ ಕೆಲಸ ಮಾಡುವಾಗ 80–85 ಕಂಡರೆ ಗಾಬರಿ ಬೇಡ. ಸುಮ್ನೆ ಒಂದು ವರ್ಡ್ ಫೈಲ್ ತೆರೆದು ಕೂತಾಗಲೂ 75ರ ಮೇಲೇ ಇದ್ದರೆ ಏನೋ ಕಟ್ಟಿಕೊಂಡಿದೆ.

ಶೀಟ್ ಕೋಣೆಯ ಪಾತ್ರ ಇಲ್ಲಿ ದೊಡ್ಡದು. ಫ್ಯಾನ್ ಹಾಕಿ ಯಾವ ಒಣ ವಸ್ತುವನ್ನೂ ಕೋಣೆಗಿಂತ ತಣ್ಣಗೆ ಮಾಡಲು ಆಗುವುದಿಲ್ಲ. ಕೋಣೆ ಎಷ್ಟು ಡಿಗ್ರಿ ಏರುತ್ತೋ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಡಿಸೆಂಬರ್‌ನಲ್ಲಿ 25 ಡಿಗ್ರಿ ಕೋಣೆಯಲ್ಲಿ 82 ತೋರಿಸುತ್ತಿದ್ದದ್ದು, ಏಪ್ರಿಲ್‌ನಲ್ಲಿ 38 ಡಿಗ್ರಿ ಶೀಟ್ ಕೋಣೆಯಲ್ಲಿ 95ರ ಹತ್ತಿರ ಹೋಗುತ್ತೆ. ಹೆಚ್ಚಿನ ತಯಾರಕರು ತಮ್ಮ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಜಾಗದಲ್ಲಿ ಬಳಸಿ ಅಂತಲೇ ಪುಸ್ತಕದಲ್ಲಿ ಬರೆದಿರುತ್ತಾರೆ. ಹೊರಗೆ 35 ಇದ್ದ ಮಧ್ಯಾಹ್ನ ಶೀಟಿನ ಕೆಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತೆ, ಅಲ್ವಾ? ಹಾಗಾಗಿ ಹನ್ನೆರಡರಿಂದ ನಾಲ್ಕರವರೆಗೆ ಮಗಳು ಕೆಳಗಿನ ಕೋಣೆಗೆ ಬಂದು ಕೆಲಸ ಮಾಡಲಿ. ನಡುಮನೆಯಲ್ಲಿ ಮಾತುಕತೆ, ಟಿವಿ ಸದ್ದು ಇರುತ್ತೆ, ಮೀಟಿಂಗ್‌ಗೆ ತೊಂದರೆ ಅನ್ನಬಹುದು. ಆ ನಾಲ್ಕು ಗಂಟೆ ಅವಳಿಗೆ ಒಂದು ಮೂಲೆ ಬಿಟ್ಟುಕೊಡಿ ಅಂತ ಮನೆಯವರೆಲ್ಲರಲ್ಲಿ ನನ್ನ ಕೋರಿಕೆ. ಯಾವ ಪ್ಯಾಡ್ ಕೂಡ ಮಾಡದ ಉಪಕಾರ ಅದು. ಲ್ಯಾಪ್‌ಟಾಪ್‌ಗಷ್ಟೇ ಅಲ್ಲ, ಅವಳಿಗೂ.

ಈಗ ಸ್ಟ್ಯಾಂಡೋ, ಪ್ಯಾಡೋ ಅನ್ನುವ ಮಾತಿಗೆ ಬರೋಣ. ದುಡ್ಡು ಕೊಡುವ ಮೊದಲು ಒಂದು ಭಾನುವಾರ ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು, ಒಂದು ವಿಡಿಯೋ ಕರೆಯನ್ನೋ ದೊಡ್ಡ ವಿಡಿಯೋವನ್ನೋ ಇಪ್ಪತ್ತು ನಿಮಿಷ ಓಡಿಸಿ, ಡಿಗ್ರಿ ಬರೆದುಕೊಳ್ಳಿ. ಆಮೇಲೆ ಹಿಂಬದಿಯ ಎರಡು ಮೂಲೆಯ ಕೆಳಗೆ ಒಂದೇ ಎತ್ತರದ ಎರಡು ಬಾಟಲಿ ಮುಚ್ಚಳ ಇಡಿ. ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ಅದೇ ಕೆಲಸ, ಅದೇ ಇಪ್ಪತ್ತು ನಿಮಿಷ, ಮತ್ತೆ ಬರೆದುಕೊಳ್ಳಿ. ಮೂರನೇ ಸಲ ಮುಚ್ಚಳ ಹಾಗೇ ಇರಲಿ, ಮನೆಯ ಟೇಬಲ್ ಫ್ಯಾನನ್ನು ಲ್ಯಾಪ್‌ಟಾಪ್‌ನ ತಳದ ಕಡೆಗೆ ತಿರುಗಿಸಿಡಿ. ಮುಚ್ಚಳಕ್ಕೇ ನಾಲ್ಕೈದು ಡಿಗ್ರಿ ಇಳಿದರೆ ನಿಮಗೆ ಸ್ಟ್ಯಾಂಡ್ ಸಾಕು. ಟೇಬಲ್ ಫ್ಯಾನ್ ಇಟ್ಟಾಗ ಇನ್ನೂ ಚೆನ್ನಾಗಿ ಇಳಿದರೆ ಪ್ಯಾಡ್‌ನಿಂದ ಉಪಯೋಗ ಆದೀತು. ಎರಡಕ್ಕೂ ಜಗ್ಗಲಿಲ್ಲ ಅಂದರೆ ತೊಂದರೆ ಒಳಗಿದೆ. ಆಗ ಎರಡೂ ಕೊಳ್ಳಬೇಡಿ, ಕ್ಲೀನಿಂಗ್‌ಗೆ ಕೊಡಿ.

ನಿಮ್ಮ ತಮ್ಮ ಹೇಳಿದ ಅಲ್ಯೂಮಿನಿಯಂ ಸ್ಟ್ಯಾಂಡ್ ಒಳ್ಳೆಯ ವಸ್ತುವೇ, ಆದರೆ ಅವರು ಹೇಳಿದ ಕಾರಣಕ್ಕಲ್ಲ. ಪ್ಲಾಸ್ಟಿಕ್ ತಳದ ಲ್ಯಾಪ್‌ಟಾಪ್ ಸ್ಟ್ಯಾಂಡಿಗೆ ತಾಗುವುದು ನಾಲ್ಕು ರಬ್ಬರ್ ಗುಂಡಿಯ ಮೇಲೆ. ರಬ್ಬರ್ ಮೂಲಕ ಲೋಹ ಎಳೆದುಕೊಳ್ಳುವ ಬಿಸಿ ಏನೂ ಇಲ್ಲ ಅಂದರೂ ನಡೆದೀತು. ಅದು ಕೆಲಸ ಮಾಡುವುದು ತಳವನ್ನು ಎತ್ತಿ ಗಾಳಿಗೆ ಜಾಗ ಬಿಡುವುದರಿಂದ. ಅಷ್ಟನ್ನು ಮರದ ಸ್ಟ್ಯಾಂಡೂ ಮಾಡುತ್ತೆ. ಕೊಳ್ಳುವಾಗ ನೋಡಬೇಕಾದ್ದು ನಡುಭಾಗ ತೆರೆದಿದೆಯಾ, ಟೈಪ್ ಮಾಡುವಾಗ ಅಲ್ಲಾಡುತ್ತಾ ಅನ್ನುವುದನ್ನು. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬಂದು ಕತ್ತಿಗೆ ಒಳ್ಳೆಯದು. ಆದರೆ ಅಷ್ಟು ಎತ್ತರದಲ್ಲಿ ಅದರ ಕೀಲಿಮಣೆಯಲ್ಲೇ ದಿನಾ ಎಂಟು ಗಂಟೆ ಟೈಪ್ ಮಾಡಿದರೆ ಮಣಿಕಟ್ಟು, ಭುಜ ನೋಯುತ್ತೆ. ಬೇರೆ ಕೀಬೋರ್ಡ್, ಮೌಸ್ ಜೋಡಿಸಬೇಕು. ಅದಕ್ಕೆ ದುಡ್ಡಿಲ್ಲ ಅಂದರೆ ಹಿಂಬದಿ ಎರಡು ಮೂರು ಸೆಂಟಿಮೀಟರ್ ಎತ್ತುವ ಗಿಡ್ಡ ಸ್ಟ್ಯಾಂಡ್ ಸಾಕು.

ಕೂಲಿಂಗ್ ಪ್ಯಾಡ್ ವಿಷಯದಲ್ಲಿ ಫ್ಯಾನ್ ಎಣಿಸಬೇಡಿ. ನಿಮ್ಮ ಲ್ಯಾಪ್‌ಟಾಪ್ ತಿರುಗಿಸಿ, ತಳದ ಕಿಂಡಿ ಎಲ್ಲಿದೆ ನೋಡಿ. ಪ್ಯಾಡಿನ ಫ್ಯಾನ್ ಅದರ ನೇರಕ್ಕೆ ಬರಬೇಕು. ಆರು ಫ್ಯಾನ್ ಇದ್ದು ಆರೂ ಗಟ್ಟಿ ಪ್ಲಾಸ್ಟಿಕ್ ಮೇಲೆ ಊದಿದರೆ ತಳ ಕೈಗೆ ತಣ್ಣಗೆ ಅನ್ನಿಸುತ್ತೆ, ಪ್ರೊಸೆಸರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಕಿಂಡಿಯ ಕೆಳಗೆ ಸರಿಯಾಗಿ ಕೂರುವ ಒಂದೇ ದೊಡ್ಡ ಫ್ಯಾನ್ ಆ ಆರಕ್ಕಿಂತ ಮೇಲು. ಗಾಳಿಯ ದಿಕ್ಕನ್ನೂ ನೋಡಿ. ಕೆಲವು ಪ್ಯಾಡ್‌ಗಳು ಮೇಲಕ್ಕೆ ಊದುವ ಬದಲು ಕೆಳಕ್ಕೆ ಎಳೆಯುತ್ತವೆ. ಲ್ಯಾಪ್‌ಟಾಪ್ ಫ್ಯಾನ್ ಒಳಗೆ ಎಳೆಯುವಾಗ ಪ್ಯಾಡ್ ಹೊರಗೆ ಎಳೆದರೆ ಎರಡೂ ಜಗಳಕ್ಕೆ ನಿಂತ ಹಾಗೆ. ಅಂಗಡಿಯಲ್ಲೇ ಟಿಶ್ಯೂ ಚೂರು ಹಿಡಿದು ನೋಡಿದರೆ ಗೊತ್ತಾಗುತ್ತೆ. ತಳದಲ್ಲಿ ಕಿಂಡಿಯೇ ಇಲ್ಲದ, ಒಳಗೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪ್‌ಗಳೂ ಇವೆ. 2020ರ ಎಂ1 ಮ್ಯಾಕ್‌ಬುಕ್ ಏರ್ ಅಂಥದ್ದು. ಅವಕ್ಕೆ ಪ್ಯಾಡ್‌ನಿಂದ ಸಿಗುವ ಲಾಭ ಕಡಿಮೆ.

ನನ್ನ ಟೇಬಲ್ ಮೇಲೆ ಅಳೆದು ನೋಡಿದ ಪ್ರಕಾರ ಸಾಮಾನ್ಯ ಪ್ಯಾಡ್ ಇಳಿಸುವುದು ಎರಡರಿಂದ ಐದು ಡಿಗ್ರಿ. ಧೂಳು ತುಂಬಿದ ಹಳೆಯ ಲ್ಯಾಪ್‌ಟಾಪನ್ನು ಬಿಚ್ಚಿ ಒರೆಸಿ ಪೇಸ್ಟ್ ಬದಲಿಸಿದರೆ ಹತ್ತರಿಂದ ಇಪ್ಪತ್ತು. ಸುತ್ತ ಸ್ಪಂಜಿನ ಅಂಚು ಇದ್ದು, ಗಾಳಿ ಆಚೀಚೆ ಸೋರದಂತೆ ಒಳಗೇ ನೂಕುವ ದೊಡ್ಡ ಬ್ಲೋವರ್ ಪ್ಯಾಡ್‌ಗಳು ಇದಕ್ಕಿಂತ ಚೆನ್ನಾಗಿ ತಣಿಸುತ್ತವೆ. ಗೇಮ್ ಆಡುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಸರಿ. ಆದರೆ ಸದ್ದು ಜಾಸ್ತಿ, ಮೀಟಿಂಗ್‌ನಲ್ಲಿ ಮೈಕಿಗೆ ಕೇಳುತ್ತೆ. ಧೂಳಿನ ಜಾಲರಿ ಇಲ್ಲದಿದ್ದರೆ ನೆಲದ ಧೂಳನ್ನೂ ಒತ್ತಿ ಒಳಗೆ ತುಂಬುತ್ತವೆ. ಇನ್ನೊಂದು, ಯುಎಸ್‌ಬಿಯಿಂದ ಓಡುವ ಪ್ಯಾಡ್ ಲ್ಯಾಪ್‌ಟಾಪ್‌ನ ಕರೆಂಟನ್ನೇ ತಿನ್ನುತ್ತೆ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿ ಓಡಿಸಿದರೆ ಲ್ಯಾಪ್‌ಟಾಪ್‌ಗೆ ಆ ಹೊರೆ ತಪ್ಪುತ್ತೆ.

ಒದ್ದೆ ಬಟ್ಟೆ ಬೇಡವೇ ಬೇಡ. ಐಸ್ ಪೊಟ್ಟಣ, ಫ್ರಿಜ್‌ನಲ್ಲಿ ಹತ್ತು ನಿಮಿಷ ಇಡುವುದು, ಇವೂ ಬೇಡ. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟದ ಮೇಲೆ ನೀರಹನಿ ಕೂರುವುದನ್ನು ದಿನಾ ನೋಡುತ್ತೀರಿ. ಅದೇ ಹನಿ ಲ್ಯಾಪ್‌ಟಾಪ್‌ನೊಳಗೆ, ಚಿಪ್‌ಗಳನ್ನೆಲ್ಲ ಕೂರಿಸಿದ ಮದರ್‌ಬೋರ್ಡ್ ಮೇಲೆ ಕೂರುತ್ತೆ. ಕಳೆದ ವರ್ಷ ಹಾಗೆ ಹಸಿರು ತುಕ್ಕು ಹಿಡಿದ ಬೋರ್ಡ್ ಒಂದು ನನ್ನ ಹತ್ತಿರ ಬಂತು. ಎಷ್ಟು ಪ್ರಯತ್ನಪಟ್ಟರೂ ಉಳಿಸಲು ಆಗಲಿಲ್ಲ. ಕ್ಲೀನಿಂಗ್‌ಗೆ ಆಗುವ ಖರ್ಚಿನ ಹತ್ತಾರು ಪಟ್ಟು ಆ ಹುಡುಗನಿಗೆ ಕೈಬಿಟ್ಟು ಹೋಯಿತು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತೆ.

ಬ್ಯಾಟರಿ ಬದಲಿಸಿ ಅಂದವರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಮೊದಲು ಮಗಳನ್ನು ಒಂದು ಮಾತು ಕೇಳಿ: ಆಫ್ ಆದಾಗ ಚಾರ್ಜರ್ ಸಿಕ್ಕಿಸಿತ್ತಾ? ಸಿಕ್ಕಿಸಿದ್ದಾಗಲೇ ಆಫ್ ಆಗಿದ್ದರೆ, ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದರೆ, ಹತ್ತು ನಿಮಿಷ ಬಿಟ್ಟು ಹಾಕಿದಾಗ ಮತ್ತೆ ಚೆನ್ನಾಗಿ ನಡೆದರೆ, ಅದು ಬಿಸಿಯ ಕೆಲಸ. ಚಾರ್ಜರ್ ಇಲ್ಲದಾಗ ಮಾತ್ರ, 40 ಶೇಕಡಾ ತೋರಿಸುತ್ತಲೇ ಧಪ್ ಅಂತ ಆಫ್ ಆದರೆ ಬ್ಯಾಟರಿ ಮುಗಿದಿದೆ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಹೊಸದಾಗಿದ್ದಾಗಿನ ಕೆಪಾಸಿಟಿ, ಈಗಿನ ಕೆಪಾಸಿಟಿ ಎರಡೂ ಇರುತ್ತವೆ. ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ ಬದಲಿಸುವುದು ಸರಿ.

ನಿಮ್ಮ ಮನೆಯವರ ಭಯದ ವಿಷಯ. ಆರೋಗ್ಯವಾಗಿರುವ ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ಆಗುವುದನ್ನು ತಾನೇ ನಿಲ್ಲಿಸುತ್ತೆ. ರಾತ್ರಿ ಸಿಕ್ಕಿಸಿದ ಮಾತ್ರಕ್ಕೆ ಸಿಡಿಯುವುದಿಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ಎರಡು ಸೇರಿದರೆ ಆಯಸ್ಸು ಕಡಿಮೆ: ಬಿಸಿ, ಮತ್ತು ಸದಾ ನೂರು ಶೇಕಡಾ ತುಂಬಿರುವುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ, ಮಗಳು ಅದನ್ನು ಹಾಕಿಕೊಳ್ಳಲಿ. ಮಂಚದ ಮೇಲೆ, ಹೊದಿಕೆ ಪಕ್ಕ ಚಾರ್ಜಿಗೆ ಹಾಕುವುದು ಮಾತ್ರ ಬೇಡ. ನಿಜವಾಗಿ ಹೆದರಬೇಕಾದ್ದು ಬ್ಯಾಟರಿ ಊದಿಕೊಂಡಾಗ. ಟಚ್‌ಪ್ಯಾಡ್ ಮೇಲೆದ್ದಂತೆ ಕಾಣುವುದು, ಕ್ಲಿಕ್ ಆಗದಿರುವುದು, ಮುಚ್ಚಿದರೆ ಸ್ಕ್ರೀನ್ ಪೂರ್ತಿ ಕೂರದಿರುವುದು, ಸಮ ಮೇಜಿನ ಮೇಲೆ ತೊಟ್ಟಿಲಿನಂತೆ ಅಲ್ಲಾಡುವುದು, ಇವು ಗುರುತು. ಇವತ್ತೇ ಮೇಜಿನ ಮೇಲಿಟ್ಟು ನೋಡಿ. ಹಾಗೇನಾದರೂ ಇದ್ದರೆ ಅದೇ ಕ್ಷಣ ಆಫ್ ಮಾಡಿ, ಚಾರ್ಜರ್ ತೆಗೆದು, ಒತ್ತದೆ ಚುಚ್ಚದೆ ರಿಪೇರಿಯವರಿಗೆ ಕೊಡಿ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಅವರೇ ಇ-ತ್ಯಾಜ್ಯಕ್ಕೆ ಕಳಿಸಲಿ.

ಖರ್ಚಿಲ್ಲದೆ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದೂ ಒಂದು ದಾರಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಇರುತ್ತೆ, ಅದನ್ನು ಕರೆಂಟ್ ಉಳಿಸುವ ಕಡೆಗೆ ಇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99 ಶೇಕಡಾಕ್ಕೆ ಇಳಿಸಿದರೆ, ಅದು ಆಗಾಗ ವೇಗ ಏರಿಸಿಕೊಳ್ಳುವ ಟರ್ಬೋ ಬೂಸ್ಟ್ ನಿಲ್ಲುತ್ತೆ. ಕೆಲಸ ಚೂರು ನಿಧಾನ, ಬಿಸಿ ಗಣನೀಯವಾಗಿ ಕಡಿಮೆ. ಮೀಟಿಂಗ್‌ನಲ್ಲಿ ಹಿಂಬದಿ ಮಸುಕು ಮಾಡುವ ಬ್ಲರ್ ಆಯ್ಕೆ ಪ್ರೊಸೆಸರ್‌ಗೆ ದೊಡ್ಡ ಹೊರೆ. ಮಂಚ, ಶೀಟು ಕಾಣಬಾರದು ಅಂತ ಹೆಣ್ಣುಮಕ್ಕಳು ಅದನ್ನು ಹಾಕಿಕೊಳ್ಳುತ್ತಾರೆ, ಅರ್ಥವಾಗುತ್ತೆ. ಬೆನ್ನ ಹಿಂದೆ ಒಂದು ಒಳ್ಳೆಯ ಸೀರೆಯನ್ನೋ ಪರದೆಯನ್ನೋ ಕಟ್ಟಿದರೆ ಬ್ಲರ್ ಬೇಕಾಗುವುದಿಲ್ಲ.

ಕ್ಲೀನಿಂಗ್‌ಗೆ ಕೊಡುವಾಗ ಮೊದಲು ಫೈಲುಗಳ ಬ್ಯಾಕಪ್ ತೆಗೆದುಕೊಳ್ಳಲಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಬಿಚ್ಚಿಸಬಾರದು, ಅವರಿಗೇ ತಿಳಿಸಬೇಕು. ನಿಮ್ಮದು ಸ್ವಂತದ್ದು, ತೊಂದರೆಯಿಲ್ಲ. ನಿಮ್ಮ ಕಣ್ಣೆದುರೇ ಬಿಚ್ಚುವವರ ಹತ್ತಿರ ಕೊಡಿ. ಫ್ಯಾನ್ ಎತ್ತಿ ಒಳಗಿನ ಎಲೆಗಳನ್ನು ತೋರಿಸಿ ಅಂತ ಕೇಳಿ. ಹೊರಗಿನಿಂದ ಬ್ಲೋವರ್ ಹೊಡೆದು ಆಯಿತು ಅಂದರೆ ಒಪ್ಪಬೇಡಿ, ಆ ಕಂಬಳಿ ಪಟ್ಟಿ ಅಲ್ಲೇ ಇರುತ್ತೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ನೀವೇ ಊದಿಸಲೂ ಬೇಡಿ. ಆ ಗಾಳಿಯಲ್ಲಿ ನೀರಹನಿ, ಎಣ್ಣೆ ಇರುತ್ತೆ, ಆ ರಭಸಕ್ಕೆ ಫ್ಯಾನಿನ ಬೇರಿಂಗ್ ಹಾಳಾಗುತ್ತೆ. ಪೇಸ್ಟ್ ಜೊತೆ, ಅದರಂತೆಯೇ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ತುಂಡುಗಳೂ ಒಳಗಿರುತ್ತವೆ, ಹರಿದಿದ್ದರೆ ಅದೇ ದಪ್ಪದ್ದು ಹಾಕಬೇಕು. ಫ್ಯಾನ್ ಗರಗರ ಅನ್ನುತ್ತಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಿ, ಎರಡು ಸಲ ಬಿಚ್ಚುವ ಖರ್ಚು ಉಳಿಯುತ್ತೆ.

ಮನೆಗೆ ತಂದ ದಿನ ಅದೇ ಮೇಜಿನ ಮೇಲೆ, ಅದೇ ಇಪ್ಪತ್ತು ನಿಮಿಷದ ಪರೀಕ್ಷೆ ಮತ್ತೆ ಮಾಡಿ. ಎಷ್ಟು ಡಿಗ್ರಿ ಬಂತು, ಕೋಣೆ ಎಷ್ಟು ಬಿಸಿ ಇತ್ತು, ತಾರೀಕು ಯಾವುದು, ಮೂರನ್ನೂ ಕ್ಯಾಲೆಂಡರ್ ಹಿಂದೆ ಬರೆದಿಡಿ. ಮುಂದಿನ ಮಾರ್ಚ್‌ನಲ್ಲಿ ಒಮ್ಮೆ ಹೋಲಿಸಿ. ಕೋಣೆ ಅಷ್ಟೇ ಬಿಸಿ ಇದ್ದೂ ಹತ್ತು ಡಿಗ್ರಿ ಮೇಲೆ ಹೋಗಿದ್ದರೆ ಮತ್ತೆ ಒರೆಸುವ ಹೊತ್ತು ಬಂದಿದೆ.